ಕಾರಣ ಹೇಳದ ದೇವರು

ಕಳೆದ ಬೇಸಿಗೆಯಲ್ಲಿ ದಾವಣಗೆರೆಯ ನಮ್ಮ ಬಡಾವಣೆಯಲ್ಲಿ ಒಂದು ಸಾವಾಯಿತು. ಹತ್ತು ವರ್ಷವೂ ತುಂಬದ ಹುಡುಗ. ಜ್ವರವೆಂದು ಆಸ್ಪತ್ರೆಗೆ ಕರೆದುಕೊಂಡು ಹೋದವರು ವಾರದೊಳಗೆ ಅವನ ದೇಹವನ್ನು ತಂದರು. ಮಣ್ಣು ಮುಗಿದ ಸಂಜೆ ಆ ಮನೆಯ ಪಡಸಾಲೆಯಲ್ಲಿ ಚಾಪೆಯ ಮೇಲೆ ಕುಳಿತ ಹೆಂಗಸರ ನಡುವೆ ನಾನೂ ಇದ್ದೆ. ಸ್ವಲ್ಪ ಹೊತ್ತಿನ ಅಳುವಿನ ನಂತರ ಮಾತು ಶುರುವಾಯಿತು. ಮನೆಯ ಮುಂಬಾಗಿಲು ದಕ್ಷಿಣಕ್ಕಿದೆ, ಕಟ್ಟಿಸುವಾಗಲೇ ಹೇಳಿದ್ದೆ ಎಂದರು ಒಬ್ಬರು. ಉಚ್ಚಂಗಿದುರ್ಗಕ್ಕೆ ಹೊತ್ತ ಹರಕೆ ಹಾಗೇ ಉಳಿದಿತ್ತಂತೆ ಎಂದರು ಇನ್ನೊಬ್ಬರು. ಹಿಂದಿನವರು ಯಾರ ಹೊಟ್ಟೆ ಉರಿಸಿದ್ದರೋ ಎಂದು ಮೂಲೆಯಿಂದ ಒಂದು ಪಿಸುಮಾತು. ಕೊನೆಗೆ ಹಿರಿಯರೊಬ್ಬರು ಸಮಾಧಾನ ಹೇಳಲು, "ದೇವರಿಗೆ ಒಳ್ಳೆಯ ಮಕ್ಕಳೇ ಬೇಕಾಗುತ್ತಾರೆ ತಾಯಿ, ಬೇಗ ಕರೆದುಕೊಂಡು ಬಿಡುತ್ತಾನೆ" ಎಂದರು. ಅಲ್ಲಿಯವರೆಗೆ ಗೋಡೆಗೆ ಒರಗಿ ಕುಳಿತಿದ್ದ ಹುಡುಗನ ತಾಯಿ ತಲೆಯೆತ್ತಿ ಕೇಳಿದಳು: "ಹಾಗಾದರೆ ನಾನು ಏನು ಮಾಡಬೇಕಿತ್ತು ಅಕ್ಕ? ಅವನನ್ನು ಕೆಟ್ಟವನಾಗಿ ಬೆಳೆಸಬೇಕಿತ್ತೇ?"

ಯಾರೂ ಉತ್ತರ ಕೊಡಲಿಲ್ಲ. ಆ ಹೆಂಗಸರು ಯಾರೂ ಕೆಟ್ಟವರಲ್ಲ. ಆ ಮನೆಯಲ್ಲಿ ಒಲೆ ಹಚ್ಚದ ದಿನಗಳಲ್ಲಿ ರೊಟ್ಟಿ, ಪಲ್ಯ, ಅನ್ನ, ಸಾರು ಹೊತ್ತು ತಂದು, ಅಳುವವರ ಬಾಯಿಗೆ ತುತ್ತಿಟ್ಟವರು ಅವರೇ. ಕೈ ಅಷ್ಟು ಕರುಣೆಯಿಂದ ನಡೆದುಕೊಳ್ಳುವಾಗ ನಾಲಿಗೆಗೆ ಏನಾಗುತ್ತದೆ? ದೇವರು ಕೊಟ್ಟ ತೀರ್ಪಿನ ನಕಲು ಪ್ರತಿ ತಮ್ಮ ಕೈಗೆ ಸಿಕ್ಕಿದೆ ಎಂಬಂತೆ ನಾವು ಮಾತನಾಡುವುದೇಕೆ? ಈ ಪ್ರಶ್ನೆ ಆವತ್ತಿನಿಂದ ನನ್ನನ್ನು ಬಿಟ್ಟಿಲ್ಲ.

ನಾನು ದೇವರನ್ನು ನಂಬುವವಳು. ಕೊರಳಲ್ಲಿ ಲಿಂಗವಿದೆ, ಪೂಜೆ ಮಾಡದೆ ಬಾಯಿಗೆ ನೀರು ಹಾಕುವುದಿಲ್ಲ. ಅವನ ತೀರ್ಪು ಅನ್ಯಾಯದ್ದಾಗಿರುವುದಿಲ್ಲ ಎಂದೂ ನಂಬುತ್ತೇನೆ. ಆದರೆ ಹಾಗೆ ನಂಬುವುದಕ್ಕೂ, ಆ ತೀರ್ಪಿನ ಕಾರಣ ನನಗೆ ಗೊತ್ತು ಎನ್ನುವುದಕ್ಕೂ ಅಜಗಜಾಂತರ. ಮೊದಲನೆಯದು ಭಕ್ತಿ. ಎರಡನೆಯದನ್ನು ಏನೆಂದು ಕರೆಯಬೇಕೋ ತಿಳಿಯದು, ಭಕ್ತಿಯಂತೂ ಅಲ್ಲ.

ಏಳು ಬೇಡಗಳು

ನಮ್ಮ ಕಡೆ ಶಾಲೆಗೆ ಹೋದ ಯಾವ ಮಗುವಿಗೂ ಬಸವಣ್ಣನವರ ಈ ವಚನ ಬಾರದೇ ಇರುವುದಿಲ್ಲ: "ಕಳಬೇಡ, ಕೊಲಬೇಡ, ಹುಸಿಯ ನುಡಿಯಲು ಬೇಡ, ಮುನಿಯಬೇಡ, ಅನ್ಯರಿಗೆ ಅಸಹ್ಯಪಡಬೇಡ, ತನ್ನ ಬಣ್ಣಿಸಬೇಡ, ಇದಿರ ಹಳಿಯಲು ಬೇಡ." ನಾನು ಪಾಠ ಮಾಡುವ ಪ್ರೌಢಶಾಲೆಯಲ್ಲಿ ಪ್ರಾರ್ಥನೆಯ ಹೊತ್ತಿಗೆ ಮಕ್ಕಳು ಇದನ್ನು ಒಂದೇ ಉಸಿರಿನಲ್ಲಿ ಮುಗಿಸಿ ಕಣ್ಣು ಬಿಡುತ್ತಾರೆ. ಎಷ್ಟೋ ವರ್ಷ ನಾನೂ ಹಾಗೆಯೇ ಕೇಳಿದವಳು. ಆ ಸಾವಿನ ಮನೆಯಿಂದ ಬಂದ ಮೇಲೆ ಒಂದು ಬೆಳಿಗ್ಗೆ ಮೈದಾನದಲ್ಲಿ ನಿಂತು ಕೇಳುವಾಗ ಗಮನಕ್ಕೆ ಬಂತು, ಇಡೀ ವಚನದಲ್ಲಿ ಎಲ್ಲೂ ಕಾರಣ ಹೇಳಿಲ್ಲ. ಏಕೆ ಕದಿಯಬಾರದು? ಏಕೆ ಮುನಿಯಬಾರದು? ಹೀಗೆ ನಡೆದರೆ ಮಳೆ ಬೆಳೆ ಚೆನ್ನಾಗಿ ಆಗುತ್ತದೆ, ಮಕ್ಕಳು ನೂರು ವರ್ಷ ಬಾಳುತ್ತಾರೆ ಎಂಬ ಆಸೆಯನ್ನೂ ತೋರಿಸಿಲ್ಲ. ಅಂತರಂಗಶುದ್ಧಿ, ಬಹಿರಂಗಶುದ್ಧಿ ಇದೇ, ಕೂಡಲಸಂಗಮದೇವರನ್ನು ಒಲಿಸುವ ಪರಿಯೂ ಇದೇ ಎಂದಷ್ಟೇ ಹೇಳಿ ನಿಲ್ಲಿಸಿದ್ದಾರೆ. ಆರು ವರ್ಷದ ಮಗುವಿಗೂ ಅರ್ಥವಾಗುವ ಮಾತುಗಳು. ಅರ್ಥವಾಗಲಿಲ್ಲ ಎಂದು ತಪ್ಪಿಸಿಕೊಳ್ಳಲು ಯಾರಿಗೂ ದಾರಿಯಿಲ್ಲ.

ಅದೇ ಬಸವಣ್ಣನವರು ಇನ್ನೊಂದು ವಚನದಲ್ಲಿ, ನಾಳೆ ಬಪ್ಪುದು ನಮಗಿಂದೇ ಬರಲಿ, ಇಂದು ಬಪ್ಪುದು ನಮಗೀಗಲೇ ಬರಲಿ ಎನ್ನುತ್ತಾರೆ. ದೇವರು ಬರೆದ ಬರಹವನ್ನು ತಪ್ಪಿಸುವುದು ಹರಿಬ್ರಹ್ಮಾದಿಗಳಿಗೂ ಸಾಧ್ಯವಿಲ್ಲ ಎನ್ನುತ್ತಾರೆ. ಆ ಬರಹದಲ್ಲಿ ಏನಿದೆ, ಏಕಿದೆ ಎಂದು ಅವರು ಓದಲು ಹೋಗುವುದಿಲ್ಲ. ಬರಲಿ ಎನ್ನುತ್ತಾರೆ, ಅಷ್ಟೇ. ಅಂದರೆ ಮನುಷ್ಯನ ಪಾಲಿಗೆ ಬಂದಿರುವುದು ಎರಡು: ಸ್ಪಷ್ಟವಾಗಿ ಹೇಳಿದ ಆಜ್ಞೆ, ಮತ್ತು ಹೇಳದೆ ಉಳಿಸಿಕೊಂಡ ತೀರ್ಪು. ನಾವು ಮಾಡುತ್ತಿರುವುದು ತಿರುಗುಮುರುಗು. ಹೇಳದೆ ಉಳಿಸಿಕೊಂಡದ್ದರ ಬಗ್ಗೆ ನಮಗೆ ಎಲ್ಲಿಲ್ಲದ ಖಾತ್ರಿ. ಸ್ಪಷ್ಟವಾಗಿ ಹೇಳಿದ್ದರ ವಿಷಯಕ್ಕೆ ಬಂದರೆ "ಅದು ಆ ಕಾಲಕ್ಕೆ ಸರಿ", "ಎಲ್ಲ ಸಂದರ್ಭಕ್ಕೂ ಆಗುತ್ತದೆಯೇ", "ಲೋಕ ಹಾಗಿಲ್ಲ ಬಿಡಿ" ಎಂಬ ನೂರೆಂಟು ತಕರಾರು.

ಮೈಲಾರದ ಜಾತ್ರೆಯಲ್ಲಿ ನುಡಿಯುವ ದೈವವಾಣಿ, ಕಾರಣಿಕವನ್ನು ನೋಡಿದವರಿಗೆ ಇದು ಚೆನ್ನಾಗಿ ತಿಳಿದೀತು. ಭರತ ಹುಣ್ಣಿಮೆಯ ಹೊತ್ತಿಗೆ ನಮ್ಮ ಸೀಮೆಯಿಂದ ಬಂಡಿ, ಟ್ರ್ಯಾಕ್ಟರ್ ಕಟ್ಟಿಕೊಂಡು ಹೋಗುವವರು ಲೆಕ್ಕವಿಲ್ಲ. ಗೊರವಯ್ಯ ಎತ್ತರದ ಬಿಲ್ಲನ್ನೇರಿ "ಸದ್ದಲೇ" ಎನ್ನುತ್ತಾನೆ, ಲಕ್ಷಾಂತರ ಜನ ಗಪ್‌ಚಿಪ್. ಒಂದೇ ಒಂದು ಸಾಲು ನುಡಿದು ಕೆಳಗೆ ಬೀಳುತ್ತಾನೆ. ಮಾರನೆಯ ದಿನದ ಪತ್ರಿಕೆಯಲ್ಲಿ ಆ ಸಾಲಿಗೆ ಮಳೆಯ ಅರ್ಥ, ರಾಜಕೀಯದ ಅರ್ಥ, ಮಾರುಕಟ್ಟೆಯ ಅರ್ಥ. ಜನ ಭಕ್ತಿಯಿಂದಲೇ ಕೇಳುತ್ತಾರೆ, ನಾನೂ ಕೈಮುಗಿದು ಕೇಳಿದ್ದೇನೆ. ಆದರೆ ಬಿಲ್ಲನ್ನೇರಿ ಯಾರಾದರೂ "ಇದಿರ ಹಳಿಯಲು ಬೇಡ" ಎಂದಿದ್ದರೆ ಮಾರನೆಯ ದಿನ ಅದಕ್ಕೆ ಅರ್ಥ ಹುಡುಕುವ ಕೆಲಸವೇ ಇರುತ್ತಿರಲಿಲ್ಲ, ಪಾಲಿಸುವ ಕೆಲಸ ಮಾತ್ರ ಉಳಿಯುತ್ತಿತ್ತು.

ಆಜ್ಞೆ ಪಾಲಿಸಿದವರಿಗೆ ತೀರ್ಪು ಅನುಕೂಲವಾಗಿಯೇ ಬರುತ್ತದೆ ಎಂದೇನೂ ಇಲ್ಲ. ಕಲ್ಯಾಣದ ಕಥೆಯೇ ಇದೆಯಲ್ಲ. ಸಮಗಾರ ಹರಳಯ್ಯನವರ ಮಗನಿಗೆ ಬ್ರಾಹ್ಮಣ ಮಧುವರಸರ ಮಗಳನ್ನು ತಂದರು. ಅನ್ಯರಿಗೆ ಅಸಹ್ಯಪಡಬೇಡ ಎಂಬ ಮಾತನ್ನು ಇದಕ್ಕಿಂತ ನೇರವಾಗಿ ನಡೆದು ತೋರಿಸಲು ಆಗುವುದಿಲ್ಲ. ಫಲವಾಗಿ ಬಂದದ್ದು ಏನು? ಅರಸ ಬಿಜ್ಜಳನ ಆಜ್ಞೆಯಂತೆ ಆ ಇಬ್ಬರು ತಂದೆಯರಿಗೆ ಎಳೆಹೂಟೆ, ಅಂದರೆ ಕಟ್ಟಿ ಎಳೆಸಿ ಕೊಲ್ಲುವ ಶಿಕ್ಷೆ. ಬಸವಣ್ಣನವರು ಕೂಡಲಸಂಗಮಕ್ಕೆ, ಚೆನ್ನಬಸವಣ್ಣನವರ ಜೊತೆಗಿದ್ದ ಶರಣರು ಉಳವಿಯ ಕಾಡಿಗೆ, ಉಳಿದವರು ದಿಕ್ಕಾಪಾಲು. ಆ ದಿನ ಕಲ್ಯಾಣದ ಪಡಸಾಲೆಗಳಲ್ಲಿಯೂ "ದೇವರಿಗೇ ಒಪ್ಪಿಗೆಯಾಗಲಿಲ್ಲ ನೋಡಿ" ಎಂದವರು ಇದ್ದಿರಲೇಬೇಕು. ಎಂಟುನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ಆ ಮಾತನ್ನು ನಮ್ಮಲ್ಲಿ ಯಾರು ಒಪ್ಪುತ್ತೇವೆ?

ಮಳೆ ಬಂದಾಗ

ಇನ್ನು ನನ್ನ ಅಜ್ಜಿಯ ವಿಷಯ. ನಮ್ಮ ಊರು ಜಗಳೂರು ಸೀಮೆಯಲ್ಲಿದೆ, ಆಗಿನ್ನೂ ಚಿತ್ರದುರ್ಗ ಜಿಲ್ಲೆ. (1997ರಲ್ಲಿ ದಾವಣಗೆರೆ ಜಿಲ್ಲೆಯಾದ ಮೇಲೆ ಕಾಗದದಲ್ಲಿ ವಿಳಾಸ ಬದಲಾಯಿತು, ಮಳೆ ಬದಲಾಗಲಿಲ್ಲ.) 1980ರ ದಶಕದ ನಡುವಿನ ಬರಗಾಲ. ರೋಹಿಣಿ ಹೋಯಿತು, ಮೃಗಶಿರ ಹೋಯಿತು. ಆದರೆ ಆರಿದ್ರ, ಇಲ್ಲದಿದ್ದರೆ ದರಿದ್ರ ಎಂದು ಕಾದರೆ ಅದೂ ಕೈಕೊಟ್ಟಿತು. ಶೇಂಗಾ ಬೀಜ ಚೀಲದಲ್ಲೇ ಉಳಿದಿತ್ತು. ಕತ್ತೆಗಳ ಮದುವೆ ಮಾಡಿದರು, ಗುಡಿಯಲ್ಲಿ ಅಹೋರಾತ್ರಿ ಭಜನೆ ಇಟ್ಟರು, ಇಡೀ ಊರು ಹೊರಬೀಡು ಹೋಗಿ ಅಡವಿಯಲ್ಲಿ ಒಲೆ ಹೂಡಿ ಬಂತು. ಆಮೇಲೆ ಒಂದು ದಿನ ಪೂಜಾರಿಯೊಬ್ಬನ ಮೈಮೇಲೆ ದೇವರು ಬಂದು ಕಾರಣ ಹೇಳಿತು: ಬಿಳುಪು ಹತ್ತಿದ ಹೆಣ ಮಣ್ಣಿನಲ್ಲಿದೆ, ಅದನ್ನು ಹೊರಗೆ ತೆಗೆದು ಸುಡುವವರೆಗೆ ಮಳೆಯಿಲ್ಲ.

ನಮ್ಮ ಸೀಮೆಯವರಿಗೆ ಈ ನಂಬಿಕೆ ಹೊಸದಲ್ಲ. ತೊನ್ನು ಇದ್ದವರನ್ನು ಹೂಳಿದರೆ ಭೂಮಿ ಒಪ್ಪುವುದಿಲ್ಲ, ಮೋಡ ಚದುರುತ್ತದೆ ಎನ್ನುವವರು ಈಗಲೂ ಇದ್ದಾರೆ. ಆ ಹೆಣ ಯಾರದೆಂದು ಊರಿಗೆಲ್ಲ ಗೊತ್ತಿತ್ತು. ಕೇರಿಯ ಕೊನೆಯ ಮನೆಯ ಮುದುಕಿ, ಹಿಂದಿನ ವರ್ಷ ತೀರಿಕೊಂಡಿದ್ದರು. ನಾವು ಮಕ್ಕಳು ಅವರನ್ನು ಕಡೇಮನೆ ಅಜ್ಜಿ ಎನ್ನುತ್ತಿದ್ದೆವು. ಅವರ ಎರಡೂ ಕೈ ಮೊಣಕೈವರೆಗೆ ಬೆಳ್ಳಗೆ. ನಾನು ತೀರ ಚಿಕ್ಕವಳಿದ್ದಾಗ, ರೊಟ್ಟಿ ತಟ್ಟಿದ ಮೇಲೆ ಹಿಟ್ಟು ತೊಳೆದುಕೊಳ್ಳಲು ಮರೆತಿದ್ದಾರೆ ಎಂದುಕೊಂಡಿದ್ದೆ. ಅವರ ಮನೆಯ ಮಜ್ಜಿಗೆಯನ್ನು ಕೇರಿಯಲ್ಲಿ ಯಾರೂ ಕುಡಿಯುತ್ತಿರಲಿಲ್ಲ. ನನ್ನ ಅಜ್ಜಿ ಕುಡಿಯುತ್ತಿದ್ದಳು, ನನಗೂ ಕುಡಿಸುತ್ತಿದ್ದಳು.

ಗುಡಿಯ ಕಟ್ಟೆಯಲ್ಲಿ ಊರಿನ ಗಂಡಸರು ಸೇರಿದ್ದರು. ಆ ಮುದುಕಿಯ ಮಗ ತಲೆ ತಗ್ಗಿಸಿ ನಿಂತಿದ್ದ. ಬೇಡ ಎನ್ನುವ ಧೈರ್ಯ ಅವನಿಗಿರಲಿಲ್ಲ. ಊರು ಎದುರು ಹಾಕಿಕೊಂಡು ಎಲ್ಲಿ ಬಾಳುವುದು? ಹೆಂಗಸರು ಕಟ್ಟೆಯ ಹತ್ತಿರ ಹೋಗುವ ಪದ್ಧತಿಯಿರಲಿಲ್ಲ. ಅಜ್ಜಿ ಹೋದಳು, ಅವಳ ಸೆರಗು ಹಿಡಿದು ನಾನೂ ಹೋದೆ. ಅವಳು ಜಗಳವಾಡಲಿಲ್ಲ, ಮೂಢನಂಬಿಕೆ ಎಂಬ ಮಾತು ಅವಳಿಗೆ ಗೊತ್ತೂ ಇರಲಿಲ್ಲ. "ಗೌಡರೇ, ಮಳೆ ಯಾಕೆ ಬರಲಿಲ್ಲ ಎಂದು ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ" ಎಂದಳು. "ವಿಭೂತಿ ಹಚ್ಚಿ, ಪತ್ರೆ ಹಾಕಿ, ಶಿವನಿಗೆ ಒಪ್ಪಿಸಿ ಬಂದಿದ್ದೇವೆ. ಕೊಟ್ಟದ್ದನ್ನು ಕಿತ್ತು ತರುತ್ತೀರಾ?" ಒಬ್ಬರು, "ಇದು ಊರಿನ ಹೊಟ್ಟೆಪಾಡಿನ ಮಾತು, ನೀವು ಸುಮ್ಮನಿರಿ ಅವ್ವ" ಎಂದರು. ಅಜ್ಜಿ ಮನೆಗೆ ಬಂದಳು. ಅವಳ ಕೈಲಿ ಆಗುವುದು ಅಷ್ಟೇ ಇತ್ತು.

ಅಂದು ರಾತ್ರಿ ಅಗೆದರು, ಸುಟ್ಟರು. ಕೆಲವೇ ದಿನಗಳಲ್ಲಿ ಮಳೆ ಬಂತು.

ಈ ಕಥೆಯನ್ನು ನಾನು ಯಾರಿಗಾದರೂ ಹೇಳಿದಾಗ ಅವರ ಮುಖ ಇಲ್ಲಿ ಸ್ವಲ್ಪ ಗೊಂದಲಕ್ಕೆ ಬೀಳುತ್ತದೆ. ಮಳೆ ಬಾರದಿದ್ದರೆ ಚೆನ್ನಾಗಿತ್ತು, ಅಜ್ಜಿ ಗೆದ್ದಂತಾಗುತ್ತಿತ್ತು. ಆದರೆ ಬಂತು, ಕೆರೆಯ ಅಂಗಳದಲ್ಲಿ ನೀರು ನಿಲ್ಲುವಷ್ಟು ಬಂತು. ಮಾರನೆಯ ಬೆಳಿಗ್ಗೆ ಕಟ್ಟೆಯ ಗಂಡಸರಲ್ಲಿ ಒಬ್ಬರು ನಮ್ಮ ಮನೆಯ ಮುಂದೆ ನಿಂತು, "ಈಗೇನು ಹೇಳುತ್ತೀರಿ ಅವ್ವ?" ಎಂದು ಕೇಳಿದರು. ಅಜ್ಜಿ ಬೀಜದ ಚೀಲದ ಬಾಯಿ ಬಿಚ್ಚುತ್ತಿದ್ದಳು. "ಮಳೆ ಬಂದಿದೆ, ಬಿತ್ತುತ್ತೇನೆ. ನೀವು ಮಾಡಿದ್ದು ಪಾಪವೇ" ಎಂದಳು. ಅಕ್ಕಡಿ ಸಾಲಿಗೆ ತೊಗರಿ ಬೇರೆ ತೆಗೆದಿಟ್ಟು, ಕೂರಿಗೆಯ ಹಿಂದೆ ಹೊಲಕ್ಕೆ ಹೋದಳು.

ದೊಡ್ಡವಳಾಗಿ ವಿಜ್ಞಾನ ಓದಿದ ಮೇಲೆ ನನಗೆ ಬೇರೆ ಉತ್ತರಗಳು ಹೊಳೆದವು. ಅದೇ ಮಳೆ ಸುತ್ತಲಿನ ಊರುಗಳಿಗೂ ಬಂದಿತ್ತು, ಅಲ್ಲಿ ಯಾರೂ ಯಾವ ಹೆಣವನ್ನೂ ಕಿತ್ತಿರಲಿಲ್ಲ. ತೊನ್ನು ಎಂದರೆ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ನಾಶವಾಗುವುದು. ಅದು ಅಂಟುವುದೂ ಇಲ್ಲ, ಕುಷ್ಠವೂ ಅಲ್ಲ. ಇದನ್ನೆಲ್ಲ ನಾನು ತರಗತಿಯಲ್ಲಿ ಒತ್ತಿ ಹೇಳುತ್ತೇನೆ, ಹೇಳಲೇಬೇಕು. ಆದರೆ ಅಜ್ಜಿಯ ನಿಲುವು ಈ ಉತ್ತರಗಳ ಮೇಲೆ ನಿಂತಿರಲಿಲ್ಲ. ಹೆಣ ಸುಟ್ಟ ಊರಿಗೇ ಮಳೆ ಹೆಚ್ಚು ಎಂದು ಯಾರಾದರೂ ಲೆಕ್ಕ ಹಾಕಿ ತೋರಿಸಿದ್ದರೂ ಅವಳು ಹಾರೆ ಮುಟ್ಟಲು ಒಪ್ಪುತ್ತಿರಲಿಲ್ಲ. ಫಲ ನೋಡಿ ಪಾಲಿಸುವುದಾದರೆ ಅದು ಆಜ್ಞೆಯೂ ಅಲ್ಲ, ಪಾಲನೆಯೂ ಅಲ್ಲ, ವ್ಯಾಪಾರ. ಮಳೆ ಬಾರದಿದ್ದಾಗ ಶಿವ ಮುನಿದಿದ್ದಾನೆ ಎಂದೂ ಅವಳು ಹೇಳಲಿಲ್ಲ, ಬಂದಾಗ ಒಲಿದ ಎಂದೂ ಹೇಳಲಿಲ್ಲ. ಅವನ ಲೆಕ್ಕವನ್ನು ಅವನಿಗೇ ಬಿಟ್ಟು ಬಿತ್ತಲು ಹೋದಳು. ದೇವರ ತೀರ್ಪನ್ನು ನಂಬುವುದು ಎಂದರೆ ಹೇಗಿರುತ್ತದೆ ಎಂದು ಕೇಳಿದರೆ ನನಗೆ ಇದಕ್ಕಿಂತ ಚೆನ್ನಾಗಿ ಹೇಳಲು ಬರುವುದಿಲ್ಲ.

ಮಾರಿಕಣಿವೆಯ ಕೋಡಿ

ಹಿರಿಯೂರಿನ ವಾಣಿವಿಲಾಸ ಸಾಗರವನ್ನು ನಮ್ಮ ಕಡೆಯವರು ಇನ್ನೂ ಮಾರಿಕಣಿವೆ ಎಂದೇ ಕರೆಯುತ್ತಾರೆ, ಅಲ್ಲಿನ ಕಣಿವೆ ಮಾರಮ್ಮನ ನೆನಪಿನಲ್ಲಿ. 1907ರಲ್ಲಿ ಕಟ್ಟಿ ಮುಗಿಸಿದ ಆ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ, 89 ವರ್ಷಗಳ ನಂತರ. ನಡುವೆ ಎಷ್ಟು ತಲೆಮಾರು ಮಾರಮ್ಮನಿಗೆ ಕೈಮುಗಿದು, 130 ಅಡಿಯ ಗುರುತನ್ನು ನೋಡುತ್ತಲೇ ಮಣ್ಣಾಯಿತು! ಕೋಡಿಯ ಸುದ್ದಿ ಬಂದಾಗ ಮಕ್ಕಳು ಮರಿ ಕಟ್ಟಿಕೊಂಡು ಜನ ಜಾತ್ರೆಯಂತೆ ನೆರೆದರು, ಹೆಂಗಸರು ಬಾಗಿನ ಬಿಟ್ಟರು. ಅದೇ ವಾರ ಹಿನ್ನೀರು ಹೊಸದುರ್ಗದ ಕಡೆ ತೋಟ ಹೊಲಗಳಿಗೆ ನುಗ್ಗಿತು. ಒಂದೇ ನೀರು, ಇಳಿಮುಖದಲ್ಲಿದ್ದವನಿಗೆ ವರ, ಹಿನ್ನೀರಿನ ಅಂಚಿನಲ್ಲಿದ್ದವನಿಗೆ ಕಣ್ಣೀರು. ಇದು ಯಾರ ಪುಣ್ಯ, ಯಾರ ಪಾಪ? ಭದ್ರೆಯಿಂದ ಹರಿಸಿದ ನೀರೂ ಅದರಲ್ಲಿ ಸೇರಿತ್ತು, ಆದ್ದರಿಂದ ದೇವರದೋ ಎಂಜಿನಿಯರುಗಳದೋ ಎಂಬ ವಾದವೂ ಚಹಾದ ಅಂಗಡಿಗಳಲ್ಲಿ ನಡೆಯಿತು. ನನಗೆ ಆ ವಾದದಲ್ಲಿ ಆಸಕ್ತಿಯಿಲ್ಲ. 1933ರಲ್ಲಿ ಬಾಗಿನ ಬಿಟ್ಟ ಹೆಣ್ಣುಮಗಳಿಗೆ ಮುಂದಿನ ಕೋಡಿ ತನ್ನ ಮರಿಮಕ್ಕಳ ಕಾಲಕ್ಕೆ ಎಂದು ಗೊತ್ತಿರಲಿಲ್ಲ. ನಮ್ಮ ಆಯಸ್ಸಿನ ಅಳತೆಗೋಲು ಗಿಡ್ಡ. ಅದರಿಂದ ಅಳೆದು ನ್ಯಾಯ ಸಿಕ್ಕಿತು, ಸಿಗಲಿಲ್ಲ ಎಂದು ಷರಾ ಬರೆಯುವ ಆತುರ ನಮಗೆ.

ಯಾವುದು ಆಜ್ಞೆ?

ಇಲ್ಲಿ ಒಂದು ಪ್ರಶ್ನೆಯನ್ನು ಹಾರಿಸಿ ಹೋಗಬಾರದು. ಕಾರಣ ಕೇಳದೆ ಪಾಲಿಸಬೇಕು ಎಂದರೆ ಅಪಾಯವಿಲ್ಲವೇ? ಹೆಣ ಅಗೆಯಿರಿ ಎಂದದ್ದೂ ದೇವರ ಹೆಸರಿನಲ್ಲೇ. ಇಂಥವರು ಗುಡಿಯೊಳಗೆ ಬರಬಾರದು, ಇಂಥವರ ನೆರಳು ಬೀಳಬಾರದು ಎಂದು ಶತಮಾನಗಳ ಕಾಲ ಹೇಳಿದ್ದೂ ದೇವರ ಹೆಸರಿನಲ್ಲೇ. ನಂಬಿಕೆಯ ಬಗ್ಗೆ ಬರೆಯುವವರು ಇದಕ್ಕೆ ಉತ್ತರ ಕೊಡದೆ ಮುಂದೆ ಹೋದರೆ ಅವರ ಮಾತನ್ನು ನಾನಂತೂ ಕೇಳುವುದಿಲ್ಲ.

ನನಗೆ ಕಂಡ ಉತ್ತರವನ್ನು ಹೇಳುತ್ತೇನೆ. ಆ ಏಳು ಬೇಡಗಳನ್ನು ಮತ್ತೆ ನೋಡಿ. ಏಳೂ ನನ್ನ ಕೈಯನ್ನು, ನನ್ನ ನಾಲಿಗೆಯನ್ನು, ನನ್ನ ಮನಸ್ಸನ್ನು ಕಟ್ಟಿಹಾಕುತ್ತವೆ. ಒಂದಾದರೂ ನನಗೆ ಇನ್ನೊಬ್ಬರ ಮೇಲೆ ಅಧಿಕಾರ ಕೊಡುವುದಿಲ್ಲ. ಪೂಜಾರಿಯ ಬಾಯಿಂದ ಬಂದ ಮಾತು ಹಾಗಿರಲಿಲ್ಲ. ಅದು ಬದುಕಿದ್ದವರ ಮೇಲೆ ಏನನ್ನೂ ಹೊರಿಸದೆ, ಎದ್ದು ಬಂದು ಉತ್ತರ ಕೊಡಲಾಗದ ಒಬ್ಬ ಮುದುಕಿಯ ಮೇಲೆ ಊರಿನ ಭಯವನ್ನೆಲ್ಲ ಹೊರಿಸಿತು. ಅದು ಆಜ್ಞೆಯ ವೇಷ ತೊಟ್ಟು ಬಂದ ತೀರ್ಪು, ಅದೂ ಮನುಷ್ಯರು ಬರೆದ ತೀರ್ಪು. ದೇವರ ಹೆಸರಿನಲ್ಲಿ ಬಂದ ಮಾತು ಮೊದಲು ಯಾರನ್ನು ಬಗ್ಗಿಸುತ್ತದೆ ಎಂದು ನೋಡಬೇಕು. ಕೇಳುತ್ತಿರುವ ನನ್ನನ್ನೇ ಬಗ್ಗಿಸುವುದಾದರೆ ಕಾರಣ ಕೇಳದೆಯೂ ಪಾಲಿಸಬಹುದು, ಪಾಲಿಸಿ ಕೆಟ್ಟವರನ್ನು ನಾನು ಕಂಡಿಲ್ಲ. ಬೇರೆಯವರನ್ನು ಬಗ್ಗಿಸಲು ನನ್ನ ಕೈಗೆ ಕೋಲು ಕೊಡುವುದಾದರೆ ಎಷ್ಟು ಕಾರಣ ಕೇಳಿದರೂ ಕಡಿಮೆಯೇ.

ಕಾರಣ ಗೊತ್ತಿಲ್ಲ ಎಂದು ಒಪ್ಪಿಕೊಂಡರೆ ದೇವರನ್ನು ಕೇಳುವುದನ್ನೇ ಬಿಡಬೇಕು ಎಂದೂ ಅಲ್ಲ. ಅಯ್ಯಾ ಅಯ್ಯಾ ಎಂದು ಕರೆಯುತ್ತಲಿದ್ದೇನೆ, ಒರಲುತ್ತಲಿದ್ದೇನೆ, ಓ ಎನ್ನಲಾಗದೇ ಎಂದು ಬಸವಣ್ಣನವರೇ ಕೇಳಿದ್ದಾರೆ. ಮೌನವೇ ಕೂಡಲಸಂಗಮದೇವಾ ಎಂದಿದ್ದಾರೆ. ಆ ವಚನದಲ್ಲಿ ದೇವರು ಓ ಎನ್ನುವುದಿಲ್ಲ. ಮಗನನ್ನು ಕಳೆದುಕೊಂಡ ತಾಯಿಗೆ ಹಾಗೆ ಒರಲುವ ಹಕ್ಕಿದೆ. ಪಕ್ಕದಲ್ಲಿ ಕುಳಿತ ನಮಗೆ ದೇವರ ಪರವಾಗಿ ಓಗೊಡುವ ಹಕ್ಕಿಲ್ಲ. ದಕ್ಷಿಣದ ಬಾಗಿಲು, ತೀರಿಸದ ಹರಕೆ ಎಂದು ನಾವು ಕೊಡುವ ಉತ್ತರಗಳೆಲ್ಲ ಆ ಮೌನವನ್ನು ಸಹಿಸಲಾರದ ನಮ್ಮ ಹೆದರಿಕೆಯಿಂದ ಹುಟ್ಟಿದವು. ಅವರ ಮನೆಗೆ ಬಂದದ್ದಕ್ಕೆ ಒಂದು ಕಾರಣ ಸಿಕ್ಕಿಬಿಟ್ಟರೆ, ಆ ಕಾರಣ ನಮ್ಮ ಮನೆಯಲ್ಲಿಲ್ಲ ಎಂದು ನಿದ್ದೆ ಮಾಡಬಹುದಲ್ಲ.

ಈ ವರ್ಷ ನಮ್ಮ ಶಾಲೆಯ ಎಂಟನೆಯ ತರಗತಿಗೆ ಒಬ್ಬ ಹುಡುಗಿ ಸೇರಿದ್ದಾಳೆ. ತುಟಿಯ ಅಂಚಿನಲ್ಲಿ, ಬೆರಳ ತುದಿಗಳಲ್ಲಿ ಬಿಳುಪು. ಅವಳ ಪಕ್ಕ ಕೂರುವ ಹುಡುಗಿಯ ತಾಯಿ ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ನನ್ನನ್ನು ಹುಡುಕಿಕೊಂಡು ಬಂದರು. "ಅಂಟುವುದಿಲ್ಲ ಎಂದು ನನಗೂ ಗೊತ್ತು ಮೇಡಂ, ಡಾಕ್ಟರೂ ಹೇಳಿದ್ದಾರೆ. ಆದರೂ ಹೆಣ್ಣು ಮಗು, ನಾಳೆ ನಾಲ್ಕು ಜನ ಏನೆಂದಾರು? ಬೇರೆ ಬೆಂಚಿಗೆ ಹಾಕಿ" ಎಂದರು. ಜೀವಕೋಶದ ಪಾಠ ಹೇಳಲು ಬಾಯಿ ತೆರೆದವಳು ಸುಮ್ಮನಾದೆ. ತಿಳಿವಳಿಕೆ ಅವರಿಗೆ ಕಡಿಮೆಯಿರಲಿಲ್ಲ. ಬೆಂಚು ಬದಲಿಸುವುದಿಲ್ಲ ಎಂದೆ. ಏಕೆ ಎಂದು ಕೇಳಿದರು. ಅನ್ಯರಿಗೆ ಅಸಹ್ಯಪಡಬೇಡ ಎಂದು ದಿನಾ ಬೆಳಿಗ್ಗೆ ನಿಮ್ಮ ಮಗಳ ಕೈಲಿ ಹೇಳಿಸುತ್ತೇವೆ, ಅದಕ್ಕೆ ಎಂದೆ. ಮುಖ್ಯೋಪಾಧ್ಯಾಯರ ಹತ್ತಿರ ಹೋಗುತ್ತೇನೆ ಎಂದರು, ಹೋದರು. ಅವರೂ ಬದಲಿಸಲಿಲ್ಲ. ಆ ತಾಯಿ ಈಗಲೂ ಗೇಟಿನ ಹತ್ತಿರ ಸಿಕ್ಕರೆ ಮುಖ ತಿರುಗಿಸಿಕೊಂಡು ಹೋಗುತ್ತಾರೆ. ಅರ್ಧವಾರ್ಷಿಕ ಪರೀಕ್ಷೆ ಹತ್ತಿರ ಬಂದಿದೆ, ಇಬ್ಬರು ಹುಡುಗಿಯರೂ ಬೀಜಗಣಿತದಲ್ಲಿ ಹಿಂದೆ. ಶನಿವಾರ ಶಾಲೆ ಬಿಟ್ಟ ಮೇಲೆ ಇಬ್ಬರನ್ನೂ ಅರ್ಧ ಗಂಟೆ ಕೂರಿಸಿಕೊಳ್ಳುತ್ತಿದ್ದೇನೆ.